ಆಫೀಸಿಗೆ ಐಪಿ ಫೋನು: ವೈರಿನಿಂದ ಶುರು ಮಾಡಿ

ಮಳೆಗಾಲಕ್ಕೆ ಮೊದಲು ಮಂಗಳೂರಿನಲ್ಲಿ ಗುಡುಗು ಸಿಡಿಲು ಶುರುವಾದರೆ ಕೆಲವು ಆಫೀಸುಗಳಿಂದ ಒಂದೇ ದೂರು ಬರುತ್ತದೆ: ಇಂಟರ್‌ಕಾಮ್ ಸತ್ತಿದೆ. ಹೊರಗಿನ ತಾಮ್ರದ ಲೈನಿನಲ್ಲಿ ಸಿಡಿಲು ಒಳಗೆ ಬಂದು ಆಫೀಸಿನ ಫೋನುಗಳನ್ನೆಲ್ಲ ಜೋಡಿಸುವ ಹಳೆ ಇಪಿಎಬಿಎಕ್ಸ್ ಪೆಟ್ಟಿಗೆಯ ಕಾರ್ಡು ಸುಟ್ಟಿರುತ್ತದೆ. ಆಗ ಇಂಟರ್‌ನೆಟ್ ಮೇಲೆ ನಡೆಯುವ ಐಪಿ ಫೋನಿನ ಯೋಚನೆ ಬರುತ್ತದೆ. 'ಯಾವ ಫೋನು ತೆಗೊಳ್ಳೋದು?' ಎಂದು ಎಲ್ಲರೂ ಕೇಳುತ್ತಾರೆ. ಫೋನು ಕೊನೆಗೆ ತೆಗೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಮಾತು ಒಡೆಯುವುದು, ಕಾಲ್ ಕಟ್ ಆಗುವುದು ಹೆಚ್ಚಾಗಿ ಫೋನಿನ ಹಿಂದಿರುವ ನೆಟ್‌ವರ್ಕಿನ ತೊಂದರೆ.

ಹತ್ತು ಮೇಜಿನ ಒಂದು ಆಫೀಸು ಎಂದುಕೊಳ್ಳೋಣ.

ವೈರು, ಸ್ವಿಚ್ಚು, ಯುಪಿಎಸ್

ಹಳೆ ಇಂಟರ್‌ಕಾಮಿನ ಎರಡೆಳೆ ವೈರು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪ್ರತಿ ಮೇಜಿಗೂ ಕ್ಯಾಟ್-6 ಕೇಬಲ್ ಎಳೆಸಿ. ಒಂದು ಕೇಬಲ್ 100 ಮೀಟರ್ ಮೀರಬಾರದು. ಅಂಗಡಿಯಲ್ಲಿ ಕೇಳುವಾಗ 'ಪೂರ್ತಿ ತಾಮ್ರದ್ದೇ ಬೇಕು' ಎಂದು ಒತ್ತಿ ಹೇಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ ಕೂಡ ನೋಡಲು ಹಾಗೆಯೇ ಇರುತ್ತದೆ. ಅದರಲ್ಲಿ ಕರೆಂಟು ಕಳಿಸಿದರೆ ಬಿಸಿ ಜಾಸ್ತಿ, ದೂರಕ್ಕೆ ಹೋದಷ್ಟೂ ವೋಲ್ಟೇಜ್ ಇಳಿಯುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಕಳಪೆ ಕನೆಕ್ಟರಿನ ಪಿನ್ನು ಬೇಗ ಕಿಲುಬು ಹಿಡಿಯುತ್ತದೆ. ಅಲ್ಲಿ ಹತ್ತು ರೂಪಾಯಿ ಉಳಿಸಲು ಹೋಗಬೇಡಿ.

ಕೇಬಲಿನಲ್ಲೇ ಕರೆಂಟು ಯಾಕೆ ಬೇಕು? ಐಪಿ ಫೋನಿಗೆ ಬೇರೆ ಅಡಾಪ್ಟರ್ ಇಲ್ಲದೆ ನೆಟ್‌ವರ್ಕ್ ಕೇಬಲಿನಿಂದಲೇ ವಿದ್ಯುತ್ ಕೊಡಬಹುದು. ಇದಕ್ಕೆ ಪಿಒಇ ಎನ್ನುತ್ತಾರೆ. ಎಲ್ಲ ಮೇಜಿನ ಕೇಬಲ್ ಬಂದು ಸೇರುವ ನೆಟ್‌ವರ್ಕ್ ಪೆಟ್ಟಿಗೆಯೇ ಸ್ವಿಚ್ಚು. ಸಾಮಾನ್ಯ ಪಿಒಇ ಸ್ವಿಚ್ಚು ಒಂದು ಪೋರ್ಟಿಗೆ, ಅಂದರೆ ಕೇಬಲ್ ಸಿಕ್ಕಿಸುವ ಒಂದು ಕಿಂಡಿಗೆ, 15.4 ವ್ಯಾಟ್ ತನಕ ಕೊಡುತ್ತದೆ. ಮಾಮೂಲಿ ಮೇಜಿನ ಫೋನಿಗೆ ಅದರ ಅರ್ಧವೂ ಬೇಡ. ಆದರೂ ಸ್ವಿಚ್ಚು ಒಟ್ಟು ಎಷ್ಟು ವ್ಯಾಟ್ ಕೊಡಬಲ್ಲದು ಎಂದು ಬಿಲ್ಲು ಮಾಡಿಸುವ ಮೊದಲೇ ನೋಡಿ.

ಇದರ ದೊಡ್ಡ ಲಾಭ ಗೊತ್ತಾಗುವುದು ಜೂನ್–ಜುಲೈನಲ್ಲಿ. ಸ್ವಿಚ್ಚು, ರೂಟರ್, ಫೈಬರಿನ ಮೋಡೆಮ್, ಮೂರನ್ನೂ ಒಂದೇ ಯುಪಿಎಸ್‌ಗೆ ಹಾಕಿ. ಕರೆಂಟು ಹೋದರೂ ಎಲ್ಲ ಮೇಜಿನ ಫೋನು ನಡೆಯುತ್ತದೆ. ಮೋಡೆಮ್ ಒಂದನ್ನು ಮರೆತು ಮಾಮೂಲಿ ಪ್ಲಗ್ಗಿಗೆ ಹಾಕುವವರು ತುಂಬ ಜನ. ಆಗ ಫೋನಿನ ಪರದೆ ಉರಿಯುತ್ತಿರುತ್ತದೆ, ಹೊರಗೆ ಕಾಲ್ ಹೋಗುವುದಿಲ್ಲ.

ಬೈಕಂಪಾಡಿ ಕೈಗಾರಿಕಾ ಪ್ರದೇಶದ ಹಾಗೆ ಆಫೀಸು ಒಂದು ಕಟ್ಟಡ, ಗೋದಾಮು ಇನ್ನೊಂದು ಕಟ್ಟಡ ಆಗಿದ್ದರೆ, ನಡುವೆ ತಾಮ್ರದ ಕೇಬಲ್ ಎಳೆಯಲೇಬೇಡಿ. ಫೈಬರ್ ಹಾಕಿಸಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಗೋದಾಮಿಗೆ ಬಡಿದ ಸಿಡಿಲು ಅದರ ಮೂಲಕ ಆಫೀಸಿನ ಸ್ವಿಚ್ಚಿಗೆ ಬರುವ ದಾರಿಯೇ ಇರುವುದಿಲ್ಲ.

ಎಷ್ಟು ಸ್ಪೀಡು ಬೇಕು?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. ಮಾತನ್ನು ಡಿಜಿಟಲ್ ಮಾಡುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಜಿ.711 ಎಂಬ ಮಾಮೂಲಿ ಕೋಡೆಕ್‌ನಲ್ಲಿ ಒಂದು ಕಾಲ್‌ಗೆ ಹೋಗಲು ಸುಮಾರು 87 ಕೆಬಿಪಿಎಸ್, ಬರಲು ಅಷ್ಟೇ ಬೇಕು. ಹತ್ತೂ ಜನ ಒಟ್ಟಿಗೆ ಮಾತಾಡಿದರೂ ಒಂದು ಎಂಬಿಪಿಎಸ್ ದಾಟುವುದಿಲ್ಲ.

ಮತ್ತೆ ಮಾತು ಒಡೆಯುವುದೇಕೆ? ಫೋನು ನಿಮ್ಮ ಮಾತನ್ನು ಸೆಕೆಂಡಿಗೆ 50 ಚಿಕ್ಕ ತುಂಡು ಮಾಡಿ ಕಳಿಸುತ್ತದೆ. ಅದೇ ಹೊತ್ತಿಗೆ ಅಕೌಂಟ್ಸ್‌ನವರು ದೊಡ್ಡ ಫೈಲೊಂದನ್ನು ಅಪ್‌ಲೋಡ್ ಮಾಡಿದರೆ, ಈ ತುಂಡುಗಳು ಪಂಪ್‌ವೆಲ್ ಸರ್ಕಲಿನಲ್ಲಿ ಲಾರಿ ಸಾಲಿನ ಹಿಂದೆ ಸಿಕ್ಕಿಬಿದ್ದ ಆಂಬುಲೆನ್ಸಿನಂತೆ ನಿಲ್ಲುತ್ತವೆ. ತಡವಾಗಿ ಬಂದ ತುಂಡನ್ನು ಆ ಕಡೆಯ ಫೋನು ಎಸೆದುಬಿಡುತ್ತದೆ. ಕಿವಿಗೆ ಅರ್ಧ ಮಾತು ಮಾತ್ರ ಬೀಳುತ್ತದೆ. ಒಂದು ಕಡೆಗೆ ಮಾತು ತಲುಪಲು 150 ಮಿಲಿಸೆಕೆಂಡ್ ಮೀರದಿದ್ದರೆ ಆರಾಮ. ಅದನ್ನು ಪರೀಕ್ಷಿಸುವುದು ಬೆಳಿಗ್ಗೆ 11ಕ್ಕೆ, ಆಫೀಸು ತುಂಬಿದ್ದಾಗ. ಭಾನುವಾರ ಸುಮ್ನೆ ನೋಡಿ ಪ್ರಯೋಜನವಿಲ್ಲ.

ಫೋನಿಗೊಂದು ಬೇರೆ ದಾರಿ

ಸ್ವಿಚ್ಚಿನಲ್ಲಿ ಫೋನುಗಳಿಗೆಂದೇ ಒಂದು ವಿ-ಲ್ಯಾನ್ ಮಾಡಿ. ವೈರು ಅದೇ, ಆದರೆ ಕಂಪ್ಯೂಟರಿನ ಓಡಾಟ ಬೇರೆ, ಮಾತಿನ ಓಡಾಟ ಬೇರೆ. ಆಮೇಲೆ ರೂಟರಿನ ಕ್ಯೂಒಎಸ್ ಸೆಟ್ಟಿಂಗಿನಲ್ಲಿ ಮಾತಿಗೆ ಮೊದಲ ಸ್ಥಾನ ಕೊಡಿ. ಫೋನುಗಳು ಮಾತಿನ ತುಂಡಿಗೆ ಸಾಮಾನ್ಯವಾಗಿ ಡಿಎಸ್‌ಸಿಪಿ 46 ಎಂಬ ಗುರುತು ಹಾಕಿರುತ್ತವೆ. ಆ ಗುರುತು ಕಂಡರೆ ಮೊದಲು ಬಿಡು ಎಂದು ರೂಟರಿಗೆ ಹೇಳುವುದು, ಅಷ್ಟೇ. ಅಪ್‌ಲೋಡ್ ಕಡೆಗೆ ಇದು ತೀರಾ ಮುಖ್ಯ.

ಫೋನಿನ ಹಿಂದೆ ಎರಡು ಪೋರ್ಟ್ ಇರುತ್ತವೆ. ಗೋಡೆಯ ಕೇಬಲ್ ಒಂದಕ್ಕೆ, ಇನ್ನೊಂದರಿಂದ ಕಂಪ್ಯೂಟರಿಗೆ. ಮೇಜಿಗೆ ಒಂದೇ ಕೇಬಲ್ ಸಾಕು. ಆದರೆ ಫೋನು ಗಿಗಾಬಿಟ್‌ನದ್ದು ಆಗಿರಲಿ. ಇಲ್ಲದಿದ್ದರೆ ಅದರ ಹಿಂದಿನ ಕಂಪ್ಯೂಟರಿಗೂ 100 ಎಂಬಿಪಿಎಸ್‌ಗಿಂತ ಜಾಸ್ತಿ ಸಿಗುವುದಿಲ್ಲ.

32 ಸೆಕೆಂಡಿನ ಕಾಟ

ಬಂದರಿನ ಒಂದು ಆಫೀಸಿನಲ್ಲಿ ಫೋನು ಹಾಕಿಸಿದ ದಿನ ಎಲ್ಲ ಚೆನ್ನಾಗಿತ್ತು. ಮರುದಿನ ಗಿರಾಕಿಗಳ ಕಾಲ್ ಅರ್ಧ ನಿಮಿಷಕ್ಕೆ ಕಟ್. ಲೈನು ಸರಿ ಇಲ್ಲ, ಫೋನು ಸರಿ ಇಲ್ಲ ಎಂದು ಎರಡು ದಿನ ಕಳೆಯಿತು. ಗಡಿಯಾರ ಹಿಡಿದು ನೋಡಿದೆ. ಪ್ರತಿ ಸಲ 32 ಸೆಕೆಂಡು. ಆಗ ಕಾರಣ ಹೊಳೆಯಿತು. ಒಂದು ಕಡೆ ಕಾಲ್ ಎತ್ತಿದ ಮೇಲೆ ಇನ್ನೊಂದು ಕಡೆಯಿಂದ 'ಗೊತ್ತಾಯಿತು' ಎಂಬ ಉತ್ತರ ಬರಬೇಕು. 32 ಸೆಕೆಂಡು ಕಾದರೂ ಅದು ಬಾರದಿದ್ದರೆ ಕಾಲ್ ಎತ್ತಿದ ಕಡೆಯೇ ಕಾಲ್ ಮುಗಿಸುತ್ತದೆ. ಆ ಉತ್ತರವನ್ನು ದಾರಿಯಲ್ಲಿ ಕೆಡಿಸುತ್ತಿದ್ದುದು ರೂಟರಿನ 'ಸಿಪ್ ಎಎಲ್‌ಜಿ' ಎಂಬ ಸೆಟ್ಟಿಂಗು. ಸಿಪ್ ಎಂದರೆ ಐಪಿ ಫೋನುಗಳು ಕಾಲ್ ಶುರು ಮಾಡಲು, ಮುಗಿಸಲು ಬಳಸುವ ಭಾಷೆ. ಸಹಾಯಕ್ಕೆಂದು ಇಟ್ಟದ್ದು, ಹೆಚ್ಚಿನ ಕಡೆ ತೊಂದರೆಯನ್ನೇ ಕೊಡುತ್ತದೆ. ಅದನ್ನು ಆಫ್ ಮಾಡಿದ ಕೂಡಲೇ ಸರಿಹೋಯಿತು. ಒಂದು ಕಡೆಯ ಮಾತು ಮಾತ್ರ ಕೇಳುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಮೊದಲ ದಿನವೇ ನೋಡಿಬಿಡಿ.

ನಂಬರು, ಪಾಸ್‌ವರ್ಡು

ಫೋನುಗಳನ್ನು ಜೋಡಿಸುವ ಐಪಿ ಪಿಬಿಎಕ್ಸ್ ನಿಮ್ಮ ಆಫೀಸಿನಲ್ಲೇ ಇರಬಹುದು, ಕ್ಲೌಡ್‌ನಲ್ಲೂ ಇರಬಹುದು. ನೋಡಿಕೊಳ್ಳಲು ತಿಳಿದವರು ಇಲ್ಲದಿದ್ದರೆ ಕ್ಲೌಡ್ ವಾಸಿ. ಹೊರಗಿನ ಕಾಲ್‌ಗೆ ಸಿಪ್ ಟ್ರಂಕ್, ಅಂದರೆ ಇಂಟರ್‌ನೆಟ್ ಮೇಲೆ ಬರುವ ಫೋನ್ ಲೈನು, ಬೇಕು. ಅದನ್ನು ಪರವಾನಗಿ ಇರುವ ಟೆಲಿಕಾಂ ಕಂಪನಿಯಿಂದಲೇ ತೆಗೆದುಕೊಳ್ಳಿ. ಬೋರ್ಡಿನಲ್ಲಿ, ಬಿಲ್ಲು ಪುಸ್ತಕದಲ್ಲಿ ಅಚ್ಚಾಗಿರುವ ಹಳೆ 0824 ನಂಬರನ್ನು ಬಿಡಲು ಯಾರಿಗೂ ಮನಸ್ಸಾಗುವುದಿಲ್ಲ, ಅಲ್ವಾ? ಹಳೆ ಲೈನು ಇರಲಿ. ಎಫ್‌ಎಕ್ಸ್‌ಒ ಗೇಟ್‌ವೇ ಎಂಬ ಚಿಕ್ಕ ಪೆಟ್ಟಿಗೆ ಅದನ್ನು ಹೊಸ ವ್ಯವಸ್ಥೆಗೆ ಸೇರಿಸುತ್ತದೆ. ಆ ಲೈನು ತಾಮ್ರದ್ದಾದರೆ ಗೇಟ್‌ವೇಗೆ ಮೊದಲು ಸಿಡಿಲಿನ ಹೊಡೆತ ತಡೆಯುವ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸಿ.

ಪಾಸ್‌ವರ್ಡಿನ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಎಕ್ಸ್‌ಟೆನ್ಶನ್ 101ಕ್ಕೆ ಪಾಸ್‌ವರ್ಡೂ 101 ಎಂದು ಇಟ್ಟರೆ ಹೊರಗಿನವರು ರಾತ್ರಿ ನಿಮ್ಮ ಲೈನಿನಲ್ಲಿ ವಿದೇಶಕ್ಕೆ ಕಾಲ್ ಮಾಡುತ್ತಾರೆ, ಬಿಲ್ಲು ನಿಮಗೆ ಬರುತ್ತದೆ. ಸಿಪ್ ಬಳಸುವ 5060 ಪೋರ್ಟನ್ನು (ಇದು ಕೇಬಲಿನ ಕಿಂಡಿಯಲ್ಲ, ನೆಟ್‌ವರ್ಕಿನ ಬಾಗಿಲಿನ ನಂಬರು) ಇಂಟರ್‌ನೆಟ್ಟಿಗೆ ತೆರೆದಿಟ್ಟರೆ ಅದನ್ನು ತಡಕಾಡುವ ಪ್ರೋಗ್ರಾಂಗಳು ಬೇಗನೆ ಬಂದು ತಟ್ಟುತ್ತವೆ. ಉದ್ದ ಪಾಸ್‌ವರ್ಡ್ ಇಡಿ. ಐಎಸ್‌ಡಿ ಬೇಡವಾದರೆ ಮುಚ್ಚಿಸಿ. ಮನೆಯಿಂದ ಬಳಸುವವರಿಗೆ ವಿಪಿಎನ್, ಅಂದರೆ ಆಫೀಸಿನ ನೆಟ್‌ವರ್ಕಿಗೆ ಬರುವ ಸುರಕ್ಷಿತ ದಾರಿ, ಕೊಡಿ.

ಕೊನೆಗೆ ಒಂದು ದಿನ ಪರೀಕ್ಷೆಗೆ ಇಡಿ. ಒಳಗಿಂದ ಒಳಗೆ, ಒಳಗಿಂದ ಹೊರಗೆ, ಹೊರಗಿಂದ ಒಳಗೆ ಕಾಲ್ ಮಾಡಿ. ಹೋಲ್ಡ್, ಟ್ರಾನ್ಸ್‌ಫರ್ ನೋಡಿ. ಪ್ರತಿ ಕಾಲ್ ಒಂದು ನಿಮಿಷ ದಾಟಲಿ. ಹೊರಗಿನ ಕಾಲ್‌ಗೆ ಮೊದಲು 0 ಒತ್ತುವ ಪದ್ಧತಿ ಇಟ್ಟಿದ್ದರೂ ತುರ್ತು ನಂಬರು 112 ಮಾತ್ರ ನೇರ ಹೋಗುವಂತೆ ಸೆಟ್ ಮಾಡಿಸಿ. ಒಂದು ದೊಡ್ಡ ಫೈಲು ಅಪ್‌ಲೋಡ್‌ಗೆ ಹಾಕಿ, ಮಾತು ಒಡೆಯುತ್ತದೆಯಾ ಕೇಳಿ. ಮಾತಾಡುತ್ತಿರುವಾಗಲೇ ಮೈನ್ ಸ್ವಿಚ್ಚು ಆಫ್ ಮಾಡಿ. ಕಾಲ್ ನಿಲ್ಲದಿದ್ದರೆ ಇಪಿಎಬಿಎಕ್ಸ್ ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಬಹುದು.