ಉಣ್ಣಿ ಇದ್ದದ್ದು ಗೋಡೆಯಲ್ಲಿ: ನನ್ನ ಅನುಭವ

ಕುಂದಗೋಳ ತಾಲ್ಲೂಕಿನ ನಮ್ಮ ಮನೆಯಲ್ಲಿ ಎರಡು ಮಿಶ್ರತಳಿ ಆಕಳು, ಒಂದು ಕರು, ಒಂದು ಎಮ್ಮೆ ಇವೆ. ಕಷಾಯದಿಂದ ಉಣ್ಣಿ ಹೋಗುವುದಿಲ್ಲ, ಚುಚ್ಚುಮದ್ದೇ ಗತಿ ಎಂದು ಡೇರಿಗೆ ಹಾಲು ಹಾಕುವವರೆಲ್ಲ ಹೇಳುತ್ತಿದ್ದರು. ಎರಡು ಮಳೆಗಾಲ ಅವರ ಮಾತೇ ನಿಜವಾಯಿತು. ಈ ವರ್ಷ ನನ್ನ ಹಟ ಗೆದ್ದಿತು.

ಮೊದಲ ವರ್ಷ ಮೆಣಸಿನ ಗಿಡಕ್ಕೆ ಹೊಡೆಯುವ ಶೇ 5ರ ಬೇವಿನ ಬೀಜದ ಕಷಾಯವನ್ನೇ ಏರುಬಿಸಿಲಿನಲ್ಲಿ ಆಕಳ ಮೈಗೆ ಹೊಡೆದೆ. ಬೇವಿನ ಸತ್ವ ಬಿಸಿಲಿಗೆ ಕೆಡುತ್ತದೆ ಎಂದು ಬೆಳೆಯ ವಿಷಯದಲ್ಲಿ ತಿಳಿದಿದ್ದರೂ ದನದ ವಿಷಯದಲ್ಲಿ ಮರೆತಿದ್ದೆ. ಎರಡನೆಯ ವರ್ಷ ತಂಬಾಕಿನ ನೀರು ಹಚ್ಚಿದಾಗ ಕರು ಮೈ ನೆಕ್ಕಿಕೊಂಡು, ಜೊಲ್ಲು ಸುರಿಸಿ ನಡುಗತೊಡಗಿತು. ಚಿಕಿತ್ಸೆಗೆ ಸುಮಾರು 1,500 ರೂಪಾಯಿ ಹೋಯಿತು, ಕರು ಉಳಿಯಿತು. ತಂಬಾಕನ್ನು ದಯವಿಟ್ಟು ಯಾರೂ ಬಳಸಬೇಡಿ.

ಒಂದು ರಾತ್ರಿ ಬ್ಯಾಟರಿ ಹಿಡಿದು ಗೋದಲಿಯ ಹಿಂದಿನ ಮಣ್ಣಿನ ಗೋಡೆಯನ್ನು ನೋಡಿದೆ. ಬಿರುಕಿನೊಳಗೆ ಔಡಲ ಬೀಜದಂತೆ ಉಬ್ಬಿದ ಉಣ್ಣಿಗಳು, ಅವುಗಳ ಪಕ್ಕದಲ್ಲಿ ಕಂದು ರವೆಯಂತಹ ಮೊಟ್ಟೆಗಳ ರಾಶಿ. ರಕ್ತ ಹೀರಿ ಉದುರಿದ ಒಂದು ಹೆಣ್ಣು 2,000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು; ನಾನು ಬರೀ ಆಕಳ ಮೈ ತೊಳೆಯುತ್ತಿದ್ದೆ.

ಈ ಸಲ ಒಂದು ಲೀಟರ್ ನೀರಿಗೆ ಬೇವಿನ ಎಲೆ ಮತ್ತು ಬೀಜ ಒಂದೊಂದು ಹಿಡಿ, ಬೆಳ್ಳುಳ್ಳಿ ಹತ್ತು ಎಸಳು, ಬಜೆ 10 ಗ್ರಾಂ, ಅರಿಶಿನ 20 ಗ್ರಾಂ, ತುಳಸಿ ಒಂದು ಹಿಡಿ ಅರೆದು ಸೋಸಿದೆ. ಜೊತೆಗೆ ಲಕ್ಕಿ ಸೊಪ್ಪು, ಮೈಗೆ ಅಂಟಲು ಅಂಟವಾಳದ ನೊರೆ ಸೇರಿಸಿದೆ. ಇವೆರಡರ ಅಳತೆಯನ್ನು ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕಾರಹುಣ್ಣಿಮೆಯಿಂದ ನಾಗರ ಪಂಚಮಿಯವರೆಗೆ ವಾರಕ್ಕೊಮ್ಮೆ, ಸಂಜೆ ಹಾಲು ಹಿಂಡಿದ ಮೇಲೆ, ಮೊದಲು ಗೋಡೆಗೆ, ನಂತರ ಆಕಳಿಗೆ ಹೊಡೆದೆ. ಎರಡನೆಯ ವಾರ ಬಿರುಕುಗಳಿಗೆ ಸುಣ್ಣ ಬೆರೆಸಿದ ಮಣ್ಣು ಮೆತ್ತಿದೆ. ಒಂದು ಆಕಳ ಬಾಲದ ಬುಡ ಮತ್ತು ಕೆಚ್ಚಲಿನಲ್ಲಿ ನಲವತ್ತರಷ್ಟಿದ್ದ ಉಣ್ಣಿ ಕೊನೆಗೆ ನಾಲ್ಕೈದಕ್ಕೆ ಇಳಿದವು. ಖರ್ಚು, ಸುಣ್ಣ ಸೇರಿ, 600 ರೂಪಾಯಿ ದಾಟಿಲ್ಲ. ಹಿಂದೆ ಮದ್ದಿಗೂ, ಮದ್ದಿನ ನಂತರ ಚೆಲ್ಲಿದ ಹಾಲಿಗೂ ವರ್ಷಕ್ಕೆ ಹತ್ತಿರ ಹತ್ತಿರ 6,000 ಹೋಗುತ್ತಿತ್ತು.

ನಡುವೆ ಸೀತಾಫಲದ ಬೀಜವನ್ನೂ ಅರೆದು ನೋಡಿದೆ. ಅದರ ಪುಡಿ ತಾಗಿ ನನ್ನ ಕಣ್ಣು ಎರಡು ದಿನ ಉರಿದದ್ದರಿಂದ ಅದನ್ನು ಕೈಬಿಟ್ಟೆ. ಎಮ್ಮೆಯ ಮೇಲೆ ಕಷಾಯ ನಿಲ್ಲುವುದಿಲ್ಲ; ಕೆರೆಗೆ ಇಳಿದರೆ ಎಲ್ಲವೂ ತೊಳೆದುಹೋಗುತ್ತದೆ. ಕಿವಿಯೊಳಗೆ ಸಿಂಪಡಿಸದೆ, ಅದೇ ಕಷಾಯದಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸುತ್ತಿದ್ದೇನೆ.