ಬಟ್ಟಿ ತಿಕ್ಕುವ ಅಜ್ಜಿಯೂ ಓಆರ್‌ಎಸ್ ಪ್ಯಾಕೆಟ್ಟೂ

"ನೀವು ನರ್ಸೋ, ಮಂತ್ರ ಹಾಕೋರ ಅಸಿಸ್ಟೆಂಟೋ?" ಎಂದು ನಮ್ಮ ಆರೋಗ್ಯ ಸಿಬ್ಬಂದಿಯ ಮಾಸಿಕ ಸಭೆಯಲ್ಲಿ ಮೇಲಿನವರು ಎಲ್ಲರೆದುರು ನನ್ನನ್ನು ಕೇಳಿದ್ದರು. ನಾಲ್ಕು ವರ್ಷದ ಹಿಂದಿನ ಮಾತು. ಹೋದ ಮಳೆಗಾಲದಲ್ಲಿ ಅದೇ ಸಭೆಯಿಂದ ಇಬ್ಬರು ಸಿಸ್ಟರ್‌ಗಳನ್ನು ನನ್ನ ಜೊತೆ ಎರಡು ದಿನ ಓಡಾಡಿ ನೋಡಿಕೊಂಡು ಬನ್ನಿ ಅಂತ ಕಳಿಸಿದರು. ಭೇದಿಯಾದ ಕೂಸಿಗೆ ಮನೆಯವರು ಓಆರ್‌ಎಸ್ (ಮೈಯಿಂದ ಹೋದ ನೀರನ್ನು ತುಂಬುವ ಉಪ್ಪು-ಗ್ಲೂಕೋಸ್ ಪುಡಿಯ ನೀರು) ಕುಡಿಸುವ ಹಾಗೆ ಮಾಡಿದ್ದು ಹೇಗೆ ಅಂತ ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜಂಬ ಅನಿಸಿದರೆ ಅನಿಸಲಿ.

ಸಿಂಧನೂರು ತಾಲ್ಲೂಕು, ಕಾಲುವೆ ಬದಿಯ ಮೂರು ಹಳ್ಳಿ, ವಲಸೆ ಬಂದು ನೆಲೆಸಿದವರ ಒಂದು ಕ್ಯಾಂಪು. ಐದು ವರ್ಷದೊಳಗಿನ ಮಕ್ಕಳು ನಾಲ್ಕುನೂರರ ಆಸುಪಾಸು. ಎಡದಂಡೆ ಕಾಲುವೆಗೆ ನೀರು ಬಂದು ನಾಟಿ ಶುರುವಾದರೆ ತಾಯಂದಿರು ಬೆಳಗ್ಗೆ ಆರಕ್ಕೇ ಗದ್ದೆಗೆ, ಕೂಸು ಅಜ್ಜಿ ಹತ್ತಿರ. ಭೇದಿಯೂ ಆಗಲೇ. ಓಆರ್‌ಎಸ್ ಯಾಕೆ, ಜೊತೆಗೆ ಕೊಡುವ ಜಿಂಕ್ ಗುಳಿಗೆ ಎಷ್ಟು ಅನ್ನೋದನ್ನು ಸಿಸ್ಟರ್‌ಗಳಾದ ನಿಮಗೆ ಹೇಳಬೇಕಾಗಿಲ್ಲ.

ಮೊದಲ ವರ್ಷ ಭೇದಿ ತಡೆಯ ಪಾಕ್ಷಿಕದಲ್ಲಿ (ಹದಿನೈದು ದಿನದ ಅಭಿಯಾನ) ಮನೆಗೆರಡರಂತೆ ಪ್ಯಾಕೆಟ್ ಹಂಚಿ, ಸಹಿ ತಗೊಂಡು, ರಿಪೋರ್ಟು ನೂರಕ್ಕೆ ನೂರು ಕಳಿಸಿದೆ. ಎರಡು ತಿಂಗಳು ಬಿಟ್ಟು ಮನೆ ಹೊಕ್ಕರೆ ಪ್ಯಾಕೆಟ್ಟುಗಳೆಲ್ಲ ಜಂತಿಯ ಸಂದಿಯಲ್ಲಿ, ಹೊಗೆ ಹಿಡಿದು. ಕೂಸು ಮಾತ್ರ ನಾಲ್ಕು ದಿನದಿಂದ ನೀರು ನೀರಾಗಿ ಹೋಗುತ್ತಿದೆ. "ಯಾಕ್ ಕೊಡಲಿಲ್ಲವ್ವಾ?" ಅಂದರೆ, "ಭೇದಿ ಎಲ್ಲಿ ಆಗೈತ್ರಿ ಅಕ್ಕಾರ, ಹಲ್ಲು ಬರಾಕತ್ತಾವ." ಒಂದೇ ಓಣಿಯಲ್ಲಿ ಇದೇ ಉತ್ತರ ಏಳೆಂಟು ಸಲ.

ಸಿಟ್ಟು ಬಂತು, ಪಾಠ ಮಾಡಿದೆ. ತಲೆ ಆಡಿಸಿದರು, ಕೊಡಲಿಲ್ಲ. ಆ ಮೇಲೆ ಹಳೇ ರಿಜಿಸ್ಟರ್ ಹಿಂದಿನ ಪುಟಗಳಲ್ಲಿ ಅವರು ಹೇಳಿದ ಹೆಸರುಗಳನ್ನೇ ಬರೆಯತೊಡಗಿದೆ. ಹಲ್ಲಿಂದು: ಆಗಲೇಬೇಕಾದ್ದು, ತಡೆಯಬಾರದು. ನದರಿಂದು: ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು. ಬಟ್ಟಿ ಜಾರಿದ್ದು, ಅಂದರೆ ಹೊಕ್ಕುಳ ಜಾಗ ಬಿಟ್ಟಿತು ಅನ್ನುವುದು: ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸುವುದು. ಹಾಲು ಕೆಟ್ಟಿದ್ದು: ತಾಯಿ ಬಿಸಿಲಲ್ಲಿ ದುಡಿದು ಬಂದು ಹಾಗೇ ಮೊಲೆ ಕೊಟ್ಟಳು, ಇಲ್ಲವೇ ಮತ್ತೆ ಬಸುರಾದಳು, ಆದ್ದರಿಂದ ಹಾಲು ಬಿಡಿಸುವುದು. ನನಗೆ ಜಾಸ್ತಿ ಹೆದರಿಕೆ ಇದರದ್ದೇ. ಉಷ್ಣದ್ದು: ತಂಪು ಕೊಡುವುದು. ನೆತ್ತಿ ಬಿದ್ದಿದ್ದು: ಔಡಲೆಣ್ಣೆ ಒತ್ತುವುದು. ಕಡೆಗೆ ವಾಂತಿ-ಭೇದಿ. ಅದೊಂದು ಬಂದರೆ ಮಾತ್ರ ಡಾಕ್ಟರು. ಅಂದರೆ ನಮ್ಮ ಪೋಸ್ಟರು, ನಮ್ಮ ಮೈಕು, ನಮ್ಮ ಪಾಕ್ಷಿಕ ಎಲ್ಲಾ ಸೇರಿ ಮಾತಾಡುತ್ತಿದ್ದದ್ದು ಏಳರಲ್ಲಿ ಒಂದರ ಬಗ್ಗೆ.

ಇದು ನಮ್ಮ ಕಡೆ ಮಾತ್ರ ಅಲ್ಲ. ಬಾಂಗ್ಲಾದೇಶದಲ್ಲಿ ಬ್ರಾಕ್ ಸಂಸ್ಥೆಯವರು 1980ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ ಚಿಟಿಕೆ ಉಪ್ಪು, ಮುಷ್ಟಿ ಬೆಲ್ಲ, ಅರ್ಧ ಸೇರು ನೀರು ಬೆರೆಸಿ ಕುಡಿಸುವುದನ್ನು ಕಲಿಸಿದರು. ಕಲಿಸುವ ಹೆಂಗಸರಿಗೆ ಕೂಲಿ ಸಿಗುತ್ತಿದ್ದದ್ದು ತಾಯಿಗೆ ಎಷ್ಟು ನೆನಪುಳಿದಿದೆ ಅನ್ನುವುದರ ಮೇಲೆ. ಆದರೂ ಅಲ್ಲಿನ ತಾಯಂದಿರು ಭೇದಿಯನ್ನು ನಾಲ್ಕು ಬಗೆ ಮಾಡಿಕೊಂಡು, ಈ ಉಪ್ಪು-ಬೆಲ್ಲದ ನೀರು ಕೊಡುವುದು ಜೋರಾಗಿ ಹೋಗುವ ಒಂದು ಬಗೆಗೆ ಮಾತ್ರ ಅಂತ ಉಳಿದವನ್ನು ಬಿಟ್ಟಿದ್ದರು. ತರಬೇತಿಯಲ್ಲಿ ಇದನ್ನು ಕೇಳಿದಾಗ, ನಾನೊಬ್ಬಳೇ ದಡ್ಡಿ ಅಲ್ಲ ಅಂತ ಸಮಾಧಾನವಾಯಿತು.

ನನ್ನ ಕಣ್ಣು ತೆರೆಸಿದ್ದು ಒಂದು ಆಡಿನ ಮರಿ. ಪ್ಯಾಕೆಟ್ ಏನು ಮಾಡಿದಿ ಅಂತ ಒಬ್ಬಾಕೆಯನ್ನು ಕೇಳಿದರೆ ನಾಚಿಕೊಂಡು, "ಮರಿ ಹೊಟ್ಟಿ ಕೆಟ್ಟು ಬತ್ತಿತ್ರಿ, ಅದಕ್ಕ ಕುಡಿಸಿದೆ, ಎದ್ದು ನಿಂತಿತ್ರಿ" ಅಂದಳು. ಕೂಸಿಗೆ ಯಾಕೆ ಕೊಡಲಿಲ್ಲ? "ಥಂಡಿ ಆಗ್ತೈತಿ. ಮತ್ತ ಅದು ಭೇದಿ ನಿಲ್ಲಂಗಿಲ್ಲಲ್ರಿ." ಭೇದಿ ನಿಲ್ಲಲ್ಲ. ಅವಳ ಮಾತು ಸರಿ. ನಿಲ್ಲುತ್ತದೆ ಅಂತ ನಾವೇ ಆಸೆ ಹುಟ್ಟಿಸಿದ್ದು. ಒಂದು ಲೋಟ ಕುಡಿಸಿ ಮತ್ತೆ ಎರಡು ಸಲ ಹೋದ ಕೂಡಲೇ ಔಷಧಿ ಸೋತಿತು ಅಂತ ಊರಿನ ಸೂಜಿ ಡಾಕ್ಟರ ಹತ್ತಿರ ಓಡುವುದು. ಆದರೆ "ಬತ್ತಿತ್ತು" ಅನ್ನುವ ಪದ ಅವಳ ಬಾಯಲ್ಲೇ ಇತ್ತು. ಅವತ್ತಿನಿಂದ ನಾನು ಭೇದಿ ಅನ್ನುವ ಪದವನ್ನೇ ಬಿಟ್ಟೆ. ಯಾವ ಹೆಸರಾದರೂ ಇರಲಿ, ಕೂಸು ಬತ್ತಬಾರದು, ಇಷ್ಟೇ. ಹಲ್ಲು ಬರುವಾಗಲೂ ಬತ್ತುತ್ತದೆ, ನದರಾದರೂ ಬತ್ತುತ್ತದೆ.

ಇನ್ನು ನೆತ್ತಿ. ಅಜ್ಜಿಯರು ನೆತ್ತಿ ಗುಳಿಬಿದ್ದದ್ದನ್ನು ನನಗಿಂತ ಮೊದಲು ಹಿಡಿಯುತ್ತಾರೆ, ಬೆರಳ ತುದಿಯಲ್ಲಿ. ನಾನು ಚರ್ಮ ಚಿವುಟಿ, ಕಣ್ಣು ನೋಡಿ ಹೇಳುವುದನ್ನು ಅವರು ಸ್ನಾನ ಮಾಡಿಸುವಾಗಲೇ ಹೇಳುತ್ತಾರೆ. ನಮ್ಮ ಲೆಕ್ಕದಲ್ಲಿ ಭೇದಿಯಿಂದ ನೆತ್ತಿ ಬಿತ್ತು, ಅವರ ಲೆಕ್ಕದಲ್ಲಿ ನೆತ್ತಿ ಬಿದ್ದು ಭೇದಿ. ನಾನು ಜಗಳಕ್ಕೆ ಹೋಗಲಿಲ್ಲ. "ಆಯ್ತಮ್ಮಾ, ಮ್ಯಾಲಿಂದ ಎಣ್ಣಿ ಹಚ್ಚು. ಒಳಗಿಂದ ನೀರು ತುಂಬಿದ್ರ ನೆತ್ತಿ ಏಳ್ತೈತಿ, ನೀನೇ ಮುಟ್ಟಿ ನೋಡು" ಅಂದೆ. ನಾಲ್ಕೈದು ತಾಸು ಬಿಟ್ಟು ಮುಟ್ಟಿ ನೋಡಿದ ಅಜ್ಜಿ ಮಾಡಿದಷ್ಟು ಪ್ರಚಾರವನ್ನು ಯಾವ ಜೀಪೂ ಮಾಡಿಲ್ಲ.

ಬಟ್ಟಿ ತಿಕ್ಕುವ ಅಜ್ಜಿ ಒಬ್ಬಳಿದ್ದಳು. ಮೂರೂ ಹಳ್ಳಿಯವರು ಅವಳ ಕಡೆಗೇ. ಸಭೆಯಲ್ಲಿ ನನ್ನನ್ನು ಹೀಯಾಳಿಸಿದ್ದು ಅವಳನ್ನು ಜೊತೆಗೆ ಸೇರಿಸಿಕೊಂಡದ್ದಕ್ಕೆ. ಖಾಲಿ ಹೊಟ್ಟೆಗೆ ತಿಕ್ಕಬಾರದು, ಮೊದಲು ಅರ್ಧ ಬಟ್ಟಲು ಓಆರ್‌ಎಸ್ ನೀರು ಕುಡಿಸಬೇಕು ಎಂಬ ನಿಯಮ ಅವಳೇ ಮಾಡಿದಳು. ಹೇಗೆ ಒಪ್ಪಿಸಿದೆ ಅನ್ನೋದನ್ನು ಬರೆಯುವುದಿಲ್ಲ. ಅವಳಿಗೆ ಮಾತು ಕೊಟ್ಟಿದ್ದೇನೆ.

ದುಡ್ಡಿನ ವಿಷಯ. ಸೂಜಿ ಡಾಕ್ಟರ ಹತ್ತಿರ ಒಂದು ಸಲಾಯಿನ್ ಬಾಟಲಿ, ಎರಡು ಸೂಜಿ, ಆಟೋ ಸೇರಿ ಆರೇಳುನೂರು. ನಾಟಿ ಕೂಲಿ ಎರಡು ದಿನದ್ದು. ಅಷ್ಟು ಕೊಟ್ಟದ್ದಕ್ಕೇ ಅದರ ಮೇಲೆ ನಂಬಿಕೆ. ಪುಕ್ಕಟೆ ಪ್ಯಾಕೆಟ್‌ಗೆ ಮರ್ಯಾದೆ ಎಲ್ಲಿ? ಅದಕ್ಕೆ ಹೆಸರು ಬದಲಿಸಿದೆ: "ಬಾಯಿಲೆ ಕುಡಿಯೋ ಸಲಾಯಿನ್". ಬಂಗಾಳದ ಕಡೆಯೂ ಹಾಗೇ ಕರೆಯುತ್ತಾರಂತೆ, ಖಾಬಾರ್ ಸ್ಯಾಲೈನ್ ಅಂತ. ನಮ್ಮ ತಾಲ್ಲೂಕಿನ ಬಂಗಾಳಿ ಕ್ಯಾಂಪುಗಳಲ್ಲಿ ಇದನ್ನು ವಿವರಿಸುವುದೇ ಬೇಕಾಗಲಿಲ್ಲ. "ಸೂಜಿ ಇಲ್ಲದ ಸಲಾಯಿನ್ ಎಂಥಾದ್ದು" ಅಂದ ಗಂಡಸರಿಗೆ ಬನಗಾಂವ್ ಕತೆ ಹೇಳುತ್ತಿದ್ದೆ: 1971ರಲ್ಲಿ ಪಶ್ಚಿಮ ಬಂಗಾಳದ ಗಡಿಯ ಆ ಊರಲ್ಲಿ, ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲಾಯಿನ್ ಸಾಲದೆ ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಡ್ರಮ್ಮಿನಲ್ಲಿ ಉಪ್ಪು-ಗ್ಲೂಕೋಸ್ ನೀರು ಕಲಸಿಟ್ಟು ಕುಡಿಸಿದರು, ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕರೊಳಗೆ ಬಂತು.

ಅಳತೆ ನನ್ನ ಜೀವ ತಿಂದಿತು. ಒಂದು ಲೀಟರ್ ಅಂತ ನಾವು ಹೇಳುತ್ತೇವೆ, ಅವರ ಮನೆಯಲ್ಲಿ ಲೀಟರ್ ಎಂಬ ಪಾತ್ರೆಯೇ ಇಲ್ಲ. ಇಡೀ ಪ್ಯಾಕೆಟ್ ಒಂದು ತಂಬಿಗೆಗೆ ಹಾಕಿ ಉಪ್ಪು ಉಪ್ಪಾಗಿ ಕೂಸು ಉಗುಳುವುದು. ಮದುವೆ ಮಂಟಪದ ಹಿಂದಿನಿಂದ ಲೀಟರ್ ಬಾಟಲಿ ಆರಿಸಿ ತಂದು, ಸ್ವಚ್ಛವಾಗಲಿ ಅಂತ ಕುದಿಯುವ ನೀರು ಹುಯ್ದೆ. ಹದಿನೆಂಟೂ ಮುದುಡಿ ಹೋದವು. ಕೊನೆಗೆ ಒಂದೇ ಬಾಟಲಿ ಇಟ್ಟುಕೊಂಡು ಮನೆಮನೆಗೆ ಹೋಗಿ, ಅವರದೇ ಬೋಗುಣಿಗೆ ಲೀಟರ್ ನೀರು ಸುರಿದು, ನೀರು ನಿಂತ ಮಟ್ಟಕ್ಕೆ ಒಳಗಡೆ ಮೊಳೆಯಿಂದ ಗೀರು ಹಾಕಿದೆ. "ತವರುಮನಿ ಬೋಗುಣಿಗಿ ಗೀರಾ?" ಅಂತ ಒಬ್ಬಳು ಒಂದು ವಾರ ಮಾತು ಬಿಟ್ಟಳು. ಕುಡಿಸುವುದಕ್ಕೆ ಸ್ಟೀಲ್ ಬಟ್ಟಲು ಮೂವತ್ತು ತಂದೆ, ಸುಮಾರು ಎಂಟುನೂರು ನನ್ನ ಕೈಯಿಂದ. ಹತ್ತು ಎಂಎಲ್ ಸಿರಿಂಜಿನಿಂದ ಹತ್ತು ಸಲ ನೀರು ಹಾಕಿ ನೋಡಿ, ನೂರು ಹಿಡಿಯುವ ಬಟ್ಟಲನ್ನೇ ಆರಿಸಿದ್ದು. ಅಂಗಡಿಯವನಿಗೆ ನಗು. ಎರಡು ವರ್ಷದೊಳಗಿನ ಕೂಸಿಗೆ ಪ್ರತಿ ಸಲ ಹೋದ ಮೇಲೆ ಅರ್ಧದಿಂದ ಒಂದು ಬಟ್ಟಲು, ಅದರ ಮೇಲಿನವರಿಗೆ ಒಂದರಿಂದ ಎರಡು. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ.

ನಡುವೆ ಜೋಳದ ಅಂಬಲಿಗೆ ಉಪ್ಪು ಹಾಕಿ ಇದರ ಬದಲು ನಡೆಸಬಹುದೇ ಅಂತ ನೋಡಿದೆ. ಆರೇಳು ಮಕ್ಕಳು ಕುಡಿದರು, ಆದರೆ ಮನೆಗೊಂದು ಹದ, ಒಬ್ಬಳದು ನೀರು, ಇನ್ನೊಬ್ಬಳದು ಮುದ್ದೆ. ಈಗ ಅಂಬಲಿ, ನುಚ್ಚಿನ ಗಂಜಿ ಊಟದ ಲೆಕ್ಕದಲ್ಲಿ ಮಾತ್ರ. ಅಂಗಡಿಯ ಸಿಹಿ ಡಬ್ಬಿ ನೀರಿನ ಜೊತೆಗೂ ಜಗಳ ಆಡಿದೆ. ಹೆಸರಿಗೆ ಓಆರ್‌ಎಸ್, ಒಳಗೆ ಸಕ್ಕರೆ. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಹಾಕಕೂಡದು ಅಂದಿತು. ಅಂಗಡಿಯವನಿಗೆ ಪೇಪರ್ ಕಟಿಂಗ್ ತೋರಿಸಿ ಬಂದೆ.

ಒಂದು ತಪ್ಪು ಹೇಳಲೇಬೇಕು. ಹೆಸರು ಯಾವುದಾದರೂ ಇರಲಿ ಅಂತ ಹುಮ್ಮಸ್ಸಿನಲ್ಲಿದ್ದಾಗ ಒಬ್ಬಾಕೆ "ಉಷ್ಣ ಆಗೈತ್ರಿ" ಅಂದಳು. ನೀರು ಕುಡಿಸು ಅಂದು ಮುಂದೆ ಹೋದೆ. ಉಷ್ಣ ಅಂದರೆ ಅವರ ಭಾಷೆಯಲ್ಲಿ ರಕ್ತ, ಆಮ (ಲೋಳೆ) ಬೀಳುವುದೂ ಸೇರುತ್ತದೆ ಅನ್ನುವುದು ನನ್ನದೇ ರಿಜಿಸ್ಟರ್‌ನಲ್ಲಿತ್ತು. ಮೂರನೇ ದಿನ ಕೂಸು ಕಣ್ಣು ಬಿಡುತ್ತಿರಲಿಲ್ಲ. ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ರಾಯಚೂರು. ಉಳಿಯಿತು. ಆದರೆ ಆ ಎರಡು ರಾತ್ರಿ ನಾನು ಮಲಗಲಿಲ್ಲ. ಈಗ ಉಷ್ಣ ಅಂದರೆ ಲಂಗೋಟಿ ತೋರಿಸು ಅಂತಲೇ ಮೊದಲ ಮಾತು.

ಜಿಂಕ್ ಹದಿನಾಲ್ಕು ದಿನ ಮುಗಿಸುವುದು ಇವತ್ತಿಗೂ ಪೂರ್ತಿ ಗೆದ್ದಿಲ್ಲ. ಮೂರನೇ ದಿನಕ್ಕೆ ಹೊಟ್ಟೆ ನಿಂತರೆ ಗುಳಿಗೆಯೂ ನಿಲ್ಲುತ್ತದೆ. ತೊಟ್ಟಿಲಿಗೆ ಹದಿನಾಲ್ಕು ಗಂಟಿನ ಕರಿದಾರ ಕಟ್ಟಿಸಿ ದಿನಕ್ಕೊಂದು ಬಿಚ್ಚಿಸಿದೆ. ನದರಿಗೂ ಆಯಿತು, ಗುಳಿಗೆಗೂ ಆಯಿತು. ಅರ್ಧಕ್ಕಿಂತ ಜಾಸ್ತಿ ಮನೆಯಲ್ಲಿ ನಡೆಯಿತು. ದೊಡ್ಡ ಮಕ್ಕಳು ಗುಳಿಗೆ ಉಗುಳದ ಹಾಗೆ ಮಾಡುವ ಉಪಾಯ ಇನ್ನೊಂದಿದೆ, ನಮ್ಮ ಕೇಂದ್ರಕ್ಕೆ ಬಂದವರಿಗೆ ತೋರಿಸುತ್ತೇನೆ.

ನೆನಪಿನ ಲೆಕ್ಕ: ಮೊದಲ ವರ್ಷ ಭೇದಿಯಾದ ಅರವತ್ತು ಚಿಲ್ಲರೆ ಮಕ್ಕಳಲ್ಲಿ ಓಆರ್‌ಎಸ್ ಕುಡಿದದ್ದು ಹತ್ತೋ ಹನ್ನೆರಡೋ. ಹೋದ ವರ್ಷ ಎಪ್ಪತ್ತರ ಹತ್ತಿರ ಮಕ್ಕಳಲ್ಲಿ ಐವತ್ತೈದರ ಮೇಲೆ. ಮಕ್ಕಳ ಲೆಕ್ಕ ಏರಿತಲ್ಲ ಅಂತ ಸಭೆಯಲ್ಲಿ ಮತ್ತೆ ಕೇಳಿದರು. ಹಲ್ಲಿಂದು, ನದರಿಂದು ಮೊದಲು ನಾವು ಬರೆದೇ ಇರಲಿಲ್ಲ ಸಾರ್ ಅಂದೆ.

ಆಗಸ್ಟಿನಲ್ಲಿ ಪ್ಯಾಕೆಟ್ ಮುಗಿದು, ಇಂಡೆಂಟ್ ಹಾಕಿ ಕೇಳಿದ್ದ ಹೊಸ ಪ್ಯಾಕೆಟ್ ಬಾರದೆ ಹತ್ತು ದಿನ ಕೈ ಖಾಲಿಯಾಯಿತು. ಬಟ್ಟಿ ಅಜ್ಜಿಗೆ ಹೇಳಿಕೊಂಡು ಕೂತಿದ್ದೆ. ಎದ್ದು ಹೋಗಿ ತಗಡಿನ ಟ್ರಂಕು ತೆಗೆದು, ಸೀರೆ ಮಡಿಕೆಯಿಂದ ಹನ್ನೊಂದು ಪ್ಯಾಕೆಟ್ ಎಣಿಸಿದಳು. ಒಂಬತ್ತು ನನ್ನ ಕೈಗಿಟ್ಟು ಎರಡನ್ನು ಮತ್ತೆ ಒಳಗಿಟ್ಟಳು. "ಇವು ನನ್ನ ಆಡಿಗವ್ವಾ" ಅಂದಳು.