ಕೊಳದ ಪಾಚಿಗೆ ಉಣಿಸುತ್ತಿದ್ದವನು ನಾನೇ

ಹಿತ್ತಿಲ ಕೊಳಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದ್ದು ಶುದ್ಧ ದಡ್ಡತನ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲೆಂದು ತಂದಿಟ್ಟ ನೀಲಿ ಹರಳು ಮನೆಯಲ್ಲೇ ಇತ್ತು. ಮೇ ತಿಂಗಳ ಕೊನೆ. ಕೊಳದ ನೀರು ಹೆಸರುಕಾಳಿನ ಬಣ್ಣಕ್ಕೆ ತಿರುಗಿತ್ತು. ಒಂದು ಚಮಚ ಕದಡಿದರೆ ಪಾಚಿಯ ಕಥೆ ಮುಗಿಯಿತು ಎಂದು ಯಾರೋ ಹೇಳಿದ್ದು ನೆನಪಿಗೆ ಬಂತು, ಸಂಜೆ ಹಾಕಿಯೇಬಿಟ್ಟೆ. ಮರುದಿನ ಬೆಳಕು ಹರಿಯುವ ಮೊದಲೇ ಆಯಿ ಕೂಗಿದಳು: "ತಮಾ, ಮೀನೆಲ್ಲ ಬಾಯಿ ಮೇಲೆ ಮಾಡಿಕೊಂಡಿವೆ, ಬಂದು ನೋಡು!"

ಬಕೆಟ್ಟಿನಲ್ಲಿ ಬಾವಿ ನೀರು ತುಂಬಿ, ಸಿಕ್ಕಷ್ಟು ಗಪ್ಪಿಗಳನ್ನು ಜರಡಿಯಲ್ಲಿ ಎತ್ತಿ ಹಾಕಿದೆವು. ಆರು ಉಳಿದವು. ಬಸವನಹುಳುಗಳಲ್ಲಿ ಒಂದೂ ಉಳಿಯಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಶಿರಸಿ ಸೀಮೆಯ ನಮ್ಮ ಬಾವಿ ನೀರು ಬಲು ಮೆದು, ಸುಣ್ಣದ ಅಂಶ ಕಡಿಮೆ. ಅಂಥ ನೀರಿನಲ್ಲಿ ತಾಮ್ರದ ವಿಷ ಮೀನಿಗೆ ಹೆಚ್ಚು ತಗಲುತ್ತದೆ. ಅದರ ಮೇಲೆ, ಒಮ್ಮೆಲೇ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ನುಂಗುತ್ತದೆ. ಬದುಕಿರುವ ಪಾಚಿಯೂ ರಾತ್ರಿಯಿಡೀ ಉಸಿರಾಡುವುದರಿಂದ ನಸುಕಿನ ಹೊತ್ತಿಗೆ ಆಮ್ಲಜನಕ ತೀರಾ ಕೆಳಗಿಳಿದಿರುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೋಡುತ್ತ ನಿಲ್ಲಬೇಡಿ, ತಕ್ಷಣ ಎತ್ತರದಿಂದ ಹೊಸ ನೀರು ಬೀಳಿಸಿ.

ನಮ್ಮ ಕೊಳ ದೊಡ್ಡದೇನಲ್ಲ. ಹತ್ತಡಿ ಉದ್ದ, ಆರಡಿ ಅಗಲ, ಎರಡಡಿ ಆಳ. ಸುಮಾರು 3,400 ಲೀಟರ್ ನೀರು. ತಾವರೆ ಚೆನ್ನಾಗಿ ಬರಲಿ ಎಂಬ ಆಸೆಗೆ ತಳದ ಮಣ್ಣಿಗೆ ಎರಡು ಬುಟ್ಟಿ ಸಗಣಿ ಗೊಬ್ಬರ ಬೆರೆಸಿದ್ದೆ. ತಾವರೆ ಚಿಗುರುವ ಮೊದಲೇ ಪಾಚಿ ಅದನ್ನು ಉಂಡು ತೇಗಿತು. ಆಗ ನೀರೆಲ್ಲ ಚೆಲ್ಲಿ, ಗೋಡೆ ತಿಕ್ಕಿ, ಹೊಸ ನೀರು ತುಂಬಿದೆ. ಹತ್ತೇ ದಿನಕ್ಕೆ ಮತ್ತೆ ಹಸಿರು. ತಳದ ಗೊಬ್ಬರ ತಳದಲ್ಲೇ ಇತ್ತಲ್ಲ! ಆ ಸಿಟ್ಟಿನಲ್ಲೇ ಮೈಲುತುತ್ತಕ್ಕೆ ಕೈ ಹಾಕಿದ್ದು.

ಮೀನು ಸತ್ತ ಮೇಲೆ ಹೂಳನ್ನೆಲ್ಲ ಬಳಿದು ತೆಗೆದು ಮೊದಲಿನಿಂದ ಶುರು ಮಾಡಿದೆ. ಈ ಸಲ ತಾವರೆ, ನೈದಿಲೆ ಎರಡನ್ನೂ ಅಗಲ ಬಾಯಿಯ ಕುಂಡಗಳಲ್ಲಿ ಬರೀ ಜೇಡಿಮಣ್ಣಿಗೆ ನೆಟ್ಟು, ಮೇಲೆ ಎರಡು ಬೆರಳು ದಪ್ಪ ಜಲ್ಲಿ ಹರಡಿ ಮುಳುಗಿಸಿದೆ. ಎಲೆಗಳು ಅರ್ಧಕ್ಕಿಂತ ಹೆಚ್ಚು ನೀರನ್ನು ಮುಚ್ಚುವವರೆಗೆ ಒಂದಿಷ್ಟು ಅಂತರಗಂಗೆ ತೇಲಿಬಿಟ್ಟೆ. ಪಾಚಿಗೆ ಬೇಕಾದ ಸಾರಜನಕ, ರಂಜಕಗಳನ್ನು ಅದರ ಬೇರು ಮೊದಲೇ ಹೀರಿಕೊಳ್ಳುತ್ತದೆ. ಆದರೆ ವಾರಕ್ಕೊಮ್ಮೆ ಬುಟ್ಟಿ ತುಂಬ ಎತ್ತಿ ಅಡಿಕೆ ಬುಡಕ್ಕೆ ಹಾಕಲೇಬೇಕು. ಅಲ್ಲೇ ಕೊಳೆಯಲು ಬಿಟ್ಟರೆ ಹೀರಿದ್ದೆಲ್ಲ ನೀರಿಗೇ ವಾಪಸ್. ಹಳ್ಳಕ್ಕೋ ಕೆರೆಗೋ ಮಾತ್ರ ಎಸೆಯಬೇಡಿ, ಅಲ್ಲಿ ಅದು ಹಬ್ಬಿದರೆ ತೆಗೆಯುವವರಿಲ್ಲ.

ಎಲ್ಲಕ್ಕಿಂತ ಕಷ್ಟವಾಗಿದ್ದು ಮನೆಯವರ ಕೈ ಕಟ್ಟುವುದು. ಹೋಗುವವರು ಬರುವವರೆಲ್ಲ ಮೀನಿಗೆ ಮಂಡಕ್ಕಿ, ಅನ್ನದ ಅಗುಳು ಎಸೆಯುತ್ತಿದ್ದರು. ತಿನ್ನದೆ ಉಳಿದದ್ದೂ ತಿಂದು ಹಿಕ್ಕೆಯಾದದ್ದೂ ಪಾಚಿಯ ಪಾಲು. ಈಗ ಎರಡು ದಿನಕ್ಕೊಮ್ಮೆ ಚಿಟಿಕೆ ಆಹಾರ, ಅದೂ ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟೇ. ಗಪ್ಪಿಗಳೇನೂ ಸೊರಗಿಲ್ಲ, ಸೊಳ್ಳೆಮರಿ ತಿಂದುಕೊಂಡು ಸುಖವಾಗಿವೆ. ಮಳೆಗಾಲದಲ್ಲಿ ತೋಟದ ಗೊಬ್ಬರ ತೊಳೆದುಕೊಂಡು ಬರುವ ನೀರು ಒಳನುಗ್ಗದಂತೆ ಸುತ್ತ ಅರ್ಧ ಅಡಿ ಕಟ್ಟೆಯನ್ನೂ ಕಟ್ಟಿದೆ.

ಒಂದು ಗಾಜಿನ ಲೋಟದಲ್ಲಿ ನೀರು ಎತ್ತಿ ಬೆಳಕಿಗೆ ಹಿಡಿದು ನೋಡಿ. ಲೋಟದ ನೀರೇ ಹಸಿರಾಗಿ ಕಂಡರೆ ಅದು ತೇಲುವ ಸೂಕ್ಷ್ಮ ಪಾಚಿ. ನೆರಳು ಮಾಡಿ ಕಾಯಬೇಕು. ಪಂಪಿಗೆ ಜೋಡಿಸುವ ನೇರಳಾತೀತ ದೀಪ ಕೆಲಸಕ್ಕೆ ಬರುವುದು ಇದಕ್ಕೆ ಮಾತ್ರ. ನೀರು ತಿಳಿಯಾಗಿದ್ದು ಎಳೆಎಳೆ ಕಂಡರೆ ನೂಲು ಪಾಚಿ. ಅದು ಕಲ್ಲಿಗೆ, ಕುಂಡಕ್ಕೆ ಕಚ್ಚಿಕೊಂಡಿರುತ್ತದೆ, ದೀಪದ ಬಳಿಗೆ ಬರುವುದೇ ಇಲ್ಲ. ಅದಕ್ಕೆ ನಾನು ಬಳಸುವುದು ತುದಿ ಸೀಳಿದ ಬಿದಿರಿನ ಕೋಲು. ಕೋಲನ್ನು ಪಾಚಿಯೊಳಗೆ ತೂರಿಸಿ ನಿಧಾನಕ್ಕೆ ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದರೆ ಶ್ಯಾವಿಗೆಯಂತೆ ಸುತ್ತಿಕೊಂಡು ಬರುತ್ತದೆ. ಅವಸರ ಮಾಡಿ ಎಳೆದರೆ ತುಂಡಾಗಿ ಚದುರುತ್ತದೆ. ತೆಗೆದ ಮುದ್ದೆಯನ್ನು ದಂಡೆಯ ಮೇಲೆ ಅರ್ಧ ಗಂಟೆ ಬಿಡುತ್ತೇನೆ, ಒಳಗೆ ಸಿಕ್ಕಿಕೊಂಡ ಪುಟ್ಟ ಬಸವನಹುಳುಗಳನ್ನು ಹೆಕ್ಕಿ ನೀರಿಗೆ ಹಾಕಲು.

ಪಾಚಿ ತಡೆಯಲೆಂದು ಕೆಲವರು ಕೊಳಕ್ಕೆ ಹಾಕುವ ಬಾರ್ಲಿ ಹುಲ್ಲಿನ ಬದಲು ಭತ್ತದ ಹುಲ್ಲಿನ ಕಂತೆ ಇಳಿಬಿಟ್ಟೂ ನೋಡಿದೆ. ನೀರು ಕಷಾಯದಂತಾಯಿತು, ನಾಲ್ಕನೇ ದಿನಕ್ಕೆ ನಾತ. ತೆಗೆದೆಸೆದೆ.

ಗೋಡೆಗೆ ಅಂಟಿದ ತೆಳು ಹಸಿರನ್ನು ಈಗ ತಿಕ್ಕುವುದಿಲ್ಲ, ಅದು ಹುಳುಗಳ ಮೇವು. ಬೇಸಿಗೆ ಶುರುವಾಗಿ ನೈದಿಲೆ ಎಲೆ ಹರಡುವ ಮುನ್ನ ಎರಡು ಮೂರು ವಾರ ನೀರು ಈಗಲೂ ಹಸಿರಾಗುತ್ತದೆ. ಆಗೆಲ್ಲ ಆಯಿ ಅಟ್ಟದ ಕಡೆ ಕಣ್ಣು ಹಾಯಿಸಿ, "ನೀಲಿ ಹರಳು ತರಲಾ?" ಎಂದು ಕೇಳಿ ನಗುತ್ತಾಳೆ.